ಕುದುರೆ ಮರಿಗೆ ಹಾಲು ಬಿಡಿಸುವಾಗ: ಕೆಲವು ತಪ್ಪು ತಿಳಿವಳಿಕೆಗಳು

ಕುಣಿಗಲ್ಲಿನಿಂದ ಹಿಡಿದು ಪುಣೆ, ಪಂಜಾಬಿನವರೆಗೆ ರೇಸ್ ಕುದುರೆ ಬೆಳೆಸುವ ಸ್ಟಡ್ ಫಾರ್ಮ್‌ಗಳಲ್ಲಿ ಹೆಣ್ಣುಕುದುರೆಗಳು ಮರಿ ಹಾಕುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ. ಯಾವ ತಿಂಗಳಲ್ಲಿ ಹುಟ್ಟಿದರೂ ಥರೋಬ್ರೆಡ್ ಎಂಬ ಈ ರೇಸ್ ತಳಿಯ ಮರಿಯ ವಯಸ್ಸನ್ನು ಜನವರಿ 1ರಿಂದಲೇ ಎಣಿಸುತ್ತಾರೆ. ಆದಷ್ಟು ವರ್ಷದ ಮೊದಲಿಗೇ ಹುಟ್ಟಲಿ ಎಂಬ ಅವಸರ ಅದಕ್ಕೆ. ಐದಾರು ತಿಂಗಳು ಕಳೆದು ಮಳೆ ಹಿಡಿಯುವ ಹೊತ್ತಿಗೆ ಮರಿಗಳಿಗೆ ಹಾಲು ಬಿಡಿಸುವ ಕೆಲಸ ಶುರುವಾಗುತ್ತದೆ. ಆ ವಾರ ಫಾರ್ಮಿನ ಬೇಲಿಯ ಪಕ್ಕದಲ್ಲಿ ಹಾದುಹೋದವರಿಗೆ ಹಗಲೂ ರಾತ್ರಿ ಕೆನೆತ ಕೇಳಿಸುತ್ತದೆ. ಅಯ್ಯೋ ಪಾಪ ಅನ್ನಿಸುವುದು ಸಹಜ.

ನಮ್ಮಲ್ಲಿ ಕುದುರೆ ಸಾಕಿದವರು ಕಡಿಮೆ, ಹಸು ಸಾಕಿದವರು ಹೆಚ್ಚು. ಹಟ್ಟಿಯಲ್ಲಿ ಕಲಿತದ್ದನ್ನೇ ಲಾಯಕ್ಕೂ ಹಚ್ಚಿ ನೋಡುವುದರಿಂದ ಅರ್ಧ ತಪ್ಪುಗಳು ಹುಟ್ಟುತ್ತವೆ. ಇನ್ನರ್ಧ ಕುದುರೆಯವರೇ ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಂಥವು. ರೈಡಿಂಗ್ ಶಾಲೆ ನಡೆಸುವವರು, ತೋಟದ ಮನೆಯಲ್ಲಿ ಹವ್ಯಾಸಕ್ಕೆ ಒಂದೆರಡು ಕುದುರೆ ಕಟ್ಟಿಕೊಂಡವರು ಈಗೀಗ ಹೆಚ್ಚಾಗುತ್ತಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

“ಮರಿ ಕೂಗುವುದು ಹಾಲಿಗೆ, ಹಸಿವಿಗೆ”

ಡೈರಿಗೆ ಹಾಲು ಹಾಕುವ ಮನೆಯಲ್ಲಿ ಕರುವನ್ನು ದೂರ ಕಟ್ಟುವುದೇ ಹಾಲು ಉಳಿಸಿಕೊಳ್ಳಲಿಕ್ಕೆ. ಕರುವಿಗೂ ಮನುಷ್ಯನಿಗೂ ಅಲ್ಲಿ ಪೈಪೋಟಿ ಇದೆ. ಕುದುರೆಯ ಹಾಲನ್ನು ಹುದುಗಿಸಿ ಕುಡಿಯುವ ಕಝಾಕ್, ಮಂಗೋಲ್ ಜನರನ್ನು ಬಿಟ್ಟರೆ ಕುದುರೆ ಹಾಲಿನ ಮೇಲೆ ಕಣ್ಣಿಟ್ಟವರು ಕಡಿಮೆ. ಫಾರ್ಮಿನಲ್ಲಿ ಅದನ್ನು ಕುಡಿಯುವುದು ಮರಿ ಮಾತ್ರ.

ಆ ಹಾಲು ಹೇಗಿರುತ್ತದೆ? ಸುಮಾರು 500 ಕಿಲೋ ತೂಗುವ ತಾಯಿ ಮೊದಲ ತಿಂಗಳುಗಳಲ್ಲಿ ದಿನಕ್ಕೆ 15 ಲೀಟರಿನಷ್ಟು ಹಾಲು ಕೊಡಬಲ್ಲದು. ಆದರೆ ಅದು ತೆಳು ಹಾಲು. ಎಮ್ಮೆ ಹಾಲಿನಲ್ಲಿ ಕೊಬ್ಬು 7 ಶೇಕಡಾ ಇದ್ದರೆ ಇದರಲ್ಲಿ ಒಂದೂವರೆ ಶೇಕಡಾ ಆಸುಪಾಸು. ಸಕ್ಕರೆಯ ಅಂಶ ಮಾತ್ರ 6 ಶೇಕಡಾ ದಾಟುತ್ತದೆ. ಕೆಚ್ಚಲು ಚಿಕ್ಕದು, ತೊಟ್ಟು ಎರಡೇ. ಹಾಗಾಗಿ ಹುಟ್ಟಿದ ಮೊದಲ ವಾರಗಳಲ್ಲಿ ಮರಿ ಗಂಟೆಗೆ ಹಲವು ಸಲ ಬಂದು ಗುಟುಕು ಗುಟುಕಾಗಿ ಕುಡಿಯುತ್ತದೆ. ಎರಡನೆಯ ತಿಂಗಳ ಸುಮಾರಿಗೆ ಹಾಲು ಏರಿಕೆಯ ತುದಿ ಮುಟ್ಟಿ, ಆಮೇಲೆ ಪ್ರಮಾಣವೂ ಸತ್ವವೂ ಇಳಿಯುತ್ತವೆ. ತಾಮ್ರ, ಸತುವಿನಂಥ ಖನಿಜಗಳು ಮೊದಲಿನಿಂದಲೇ ಕಡಿಮೆ. ಹೊಟ್ಟೆಯಲ್ಲಿದ್ದಾಗ ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಂಡ ತಾಮ್ರದಲ್ಲೇ ಮರಿ ಮೊದಲ ತಿಂಗಳುಗಳನ್ನು ತಳ್ಳುತ್ತದೆ. ನಾಲ್ಕನೆಯ ತಿಂಗಳ ಹೊತ್ತಿಗೆ ಬೆಳೆಯುವ ಮೈಗೆ ಹಾಲೊಂದೇ ಸಾಲದು. ಅಷ್ಟರಲ್ಲಿ ಅದು ತಾಯಿಯ ಪಕ್ಕದಲ್ಲಿ ನಿಂತು ಹುಲ್ಲು ಕಡಿಯುವುದನ್ನೂ ದಾಣಿ ತಿನ್ನುವುದನ್ನೂ ಚೆನ್ನಾಗಿ ಕಲಿತಿರುತ್ತದೆ.

ಹಾಗಾದರೆ ಐದು ತಿಂಗಳ ಮರಿ ಕೂಗುವುದು ಯಾಕೆ? ತಾಯಿ ಕಾಣೆಯಾಗಿದೆ, ಅದಕ್ಕೆ. ಕುದುರೆ ಹಿಂಡಿನ ಪ್ರಾಣಿ. ಯಾವುದಕ್ಕೆ ಬೆದರಬೇಕು, ಎಲ್ಲಿ ನೀರು, ಯಾರ ಹತ್ತಿರ ಹೋಗಬಾರದು ಎಂಬುದನ್ನೆಲ್ಲ ಮರಿ ತಾಯಿಯ ಬೆನ್ನಿಗೆ ಬಿದ್ದೇ ತಿಳಿಯುತ್ತದೆ. ಹೊಟ್ಟೆ ತುಂಬಿದ್ದರೂ ಹಿಂಡಿನ ದಿಕ್ಕು ತಪ್ಪಿದ ಮರಿಗೆ ದಿಗಿಲು. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಮುಂದಿನ ಬಹುಪಾಲು ತಪ್ಪುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹಾಲಿಗೆ ಬೆಲೆಯೇ ಇಲ್ಲ ಅಂತ ಮಾತ್ರ ಯಾರೂ ತಿಳಿಯಬಾರದು. ಗಿಣ್ಣದ ಹಾಲಿನ ವಿಷಯದಲ್ಲಿ ಕುದುರೆಗೆ ಯಾವ ರಿಯಾಯಿತಿಯೂ ಇಲ್ಲ. ರೋಗ ತಡೆಯುವ ಅಂಶಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣದ ಮೂಲಕವೇ ಹೋಗಬೇಕು. ಸುಮಾರು 24 ಗಂಟೆ ಕಳೆದರೆ ಮರಿಯ ಕರುಳು ಅವನ್ನು ಹೀರುವುದನ್ನೇ ನಿಲ್ಲಿಸುತ್ತದೆ.

“ಆರು ತಿಂಗಳಿಗೆ ಹಾಲು ಬಿಡುವುದು ಪ್ರಕೃತಿಯ ನಿಯಮ”

ಪ್ರಕೃತಿಗೆ ಅಂಥ ಅವಸರವಿಲ್ಲ. ಬಯಲಲ್ಲಿ ತಮ್ಮ ಪಾಡಿಗೆ ಬದುಕುವ ಕುದುರೆಗಳಲ್ಲಿ ಮುಂದಿನ ಮರಿ ಹುಟ್ಟುವ ಕಾಲ ಹತ್ತಿರವಾದಾಗ ತಾಯಿ ಹಿಂದಿನದನ್ನು ಬಿಡಿಸುತ್ತದೆ. ಐಸ್ಲೆಂಡಿಕ್ ತಳಿಯ ತಾಯಿ-ಮರಿಗಳನ್ನು ಮನುಷ್ಯರು ಬೇರ್ಪಡಿಸದೆ ಹಾಗೆಯೇ ಬಿಟ್ಟು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೆಚ್ಚಿನ ಮರಿಗಳು ಒಂಬತ್ತು-ಹತ್ತು ತಿಂಗಳ ನಡುವೆ ತಾವಾಗಿ ಹಾಲು ಬಿಟ್ಟವು. ತಾಯಿ ಒದ್ದು ಓಡಿಸುತ್ತದೆ ಎಂಬ ನಮ್ಮ ಊಹೆಗೂ ಅಲ್ಲಿ ಆಧಾರ ಸಿಗಲಿಲ್ಲ. ಕೂಗಾಟವಿಲ್ಲ, ರಂಪವಿಲ್ಲ. ಹಾಲು ಬಿಟ್ಟ ಮೇಲೂ ಮರಿ ತಾಯಿಯ ಆಸುಪಾಸಿನಲ್ಲೇ ಮೇಯುತ್ತಿತ್ತು.

ಹಾಗಾದರೆ ನಾಲ್ಕರಿಂದ ಆರು ತಿಂಗಳು ಎಂಬ ರೂಢಿ ಬಂದದ್ದೆಲ್ಲಿಂದ? ಫಾರ್ಮಿನ ಕ್ಯಾಲೆಂಡರಿನಿಂದ. ಕುದುರೆಯ ಗರ್ಭಕಾಲ ಹತ್ತಿರ ಹತ್ತಿರ 11 ತಿಂಗಳು, ಸರಾಸರಿ 340 ದಿನ. ವರ್ಷಕ್ಕೊಂದು ಮರಿ ಬೇಕೆಂದರೆ ಮರಿ ಹಾಕಿದ ಒಂದು ತಿಂಗಳ ಒಳಗೆ, ಹೆಚ್ಚೆಂದರೆ ಅದರ ಆಸುಪಾಸಿನಲ್ಲಿ ತಾಯಿ ಮತ್ತೆ ಗಬ್ಬವಾಗಬೇಕು. ಮಡಿಲಲ್ಲಿ ಒಂದು, ಹೊಟ್ಟೆಯಲ್ಲಿ ಇನ್ನೊಂದು. ಹಾಲೂಡುವ ಮೊದಲ ತಿಂಗಳುಗಳಲ್ಲಿ ತಾಯಿಗೆ ಬೇಕಾಗುವ ಶಕ್ತಿ ಸುಮ್ಮನೆ ಇರುವ ಕುದುರೆಗಿಂತ ಹೆಚ್ಚುಕಡಿಮೆ ಇಮ್ಮಡಿ. ಹೊಟ್ಟೆಯ ಮರಿ ಭರದಿಂದ ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಅಷ್ಟರೊಳಗೆ ತಾಯಿಯ ಮೈ ಸುಧಾರಿಸಿಕೊಳ್ಳಬೇಕು. ಇದು ನ್ಯಾಯವಾದ ಕಾರಣವೇ, ಮುಚ್ಚಿಡಬೇಕಾದ್ದೇನಿಲ್ಲ. ಆದರೆ ವರ್ಷ ವರ್ಷ ಮರಿ ಹಾಕಿಸುವ ಉದ್ದೇಶವೇ ಇಲ್ಲದ ಮನೆಯಲ್ಲಿ, ತಾಯಿ ಮೈಕೈ ತುಂಬಿಕೊಂಡು ಚೆನ್ನಾಗಿದ್ದಾಗ, ದೊಡ್ಡ ಫಾರ್ಮಿನವರನ್ನು ನೋಡಿ ಐದು ತಿಂಗಳಿಗೇ ಮರಿಯನ್ನು ಎಳೆದು ಕಟ್ಟುವುದು ನಕಲು ಮಾಡುವ ಚಟ ಅಷ್ಟೆ.

ಇದರ ಜೊತೆಗೇ ಬರುವ ಇನ್ನೊಂದು ಮಾತು: ಗಬ್ಬವಾದ ಕುದುರೆಯ ಹಾಲು ಮರಿಗೆ ಕೆಡುಕು ಎಂಬುದು. ಹುರುಳಿಲ್ಲದ್ದು. ಜಗತ್ತಿನ ಬಹುತೇಕ ರೇಸ್ ಕುದುರೆಗಳು ಗಬ್ಬದ ತಾಯಿಯ ಹಾಲು ಕುಡಿದೇ ಬೆಳೆದಿವೆ.

ತಾಯಿಗೆ ಕಾಯಿಲೆಯಾದಾಗ, ತೀರ ಬಡಕಲಾದಾಗ, ಮರಿ ಅತಿವೇಗವಾಗಿ ಬೆಳೆದು ಕಾಲಿನ ತೊಂದರೆ ಕಂಡಾಗ ಪಶುವೈದ್ಯರು ಮೂರು-ನಾಲ್ಕು ತಿಂಗಳಿಗೇ ಬಿಡಿಸಿ ಅನ್ನಬಹುದು. ಆಗ ಅವರ ಮಾತು ಕೇಳಬೇಕು.

“ಒಂದೇ ಏಟಿಗೆ ಬೇರ್ಪಡಿಸಿ, ಲಾಯದೊಳಗೆ ಒಂಟಿಯಾಗಿ ಕೂಡಿದರೆ ಬೇಗ ಮರೆಯುತ್ತದೆ”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಈ ನಂಬಿಕೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಹಳೆಯ ಕ್ರಮ ಹೀಗೆ: ಒಂದು ಬೆಳಗ್ಗೆ ತಾಯಿಯನ್ನು ಫಾರ್ಮಿನ ಆಚೆ ತುದಿಗೆ ಒಯ್ಯುವುದು, ಮರಿಯನ್ನು ಲಾಯದ ಕೋಣೆಗೆ ನೂಕಿ ಮೇಲಿನ ಬಾಗಿಲನ್ನೂ ಹಾಕುವುದು. ಹಾರಿ ಗಾಯ ಮಾಡಿಕೊಳ್ಳಬಾರದು ಎಂಬುದು ಸಮಜಾಯಿಷಿ. ಅದೇ ಗಳಿಗೆಯಲ್ಲಿ ಮರಿಗೆ ಏನೆಲ್ಲ ತಪ್ಪಿತು ಎಂದು ಲೆಕ್ಕ ಹಾಕಿ: ತಾಯಿ, ಜೊತೆಯ ಮರಿಗಳು, ಬಯಲು, ಓಟ, ದಿನವಿಡೀ ಮೇಯುವ ಅಭ್ಯಾಸ. ಐದೂ ಒಟ್ಟಿಗೆ.

ಬ್ರಿಟನ್ನಿನಲ್ಲಿ 225 ಮರಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಗಿದೆ. ಗೋದಲಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಾಳಿ ನುಂಗುವ ಚಟ, ನಿಂತಲ್ಲೇ ತಲೆಯನ್ನು ಅತ್ತಿತ್ತ ತೂಗುವ ಚಟ, ಕೋಣೆಯೊಳಗೆ ಸುತ್ತು ಹಾಕುವ ಚಟ, ಇವೆಲ್ಲ ಯಾವಾಗ, ಯಾಕೆ ಶುರುವಾಗುತ್ತವೆ ಎಂಬುದು ಅದರ ಪ್ರಶ್ನೆ. ನೂರಕ್ಕೆ ಹತ್ತರಷ್ಟು ಮರಿಗಳಿಗೆ ಗೋದಲಿ ಕಚ್ಚುವ ಚಟ ಅಂಟಿತು. ಅದು ಶುರುವಾದ ವಯಸ್ಸಿನ ಮಧ್ಯಾಂಕ 20 ವಾರ, ಅಂದರೆ ಹಾಲು ಬಿಡಿಸುವ ಆಸುಪಾಸಿನ ಕಾಲವೇ. ಲಾಯ, ಕೊಟ್ಟಿಗೆಗಳಲ್ಲಿ ಕೂಡಿ ಹಾಲು ಬಿಡಿಸಿದ ಮರಿಗಳಲ್ಲಿ ಇಂಥ ಚಟಗಳು ಹುಲ್ಲುಗಾವಲಿನಲ್ಲೇ ಬಿಡಿಸಿದ ಮರಿಗಳಿಗಿಂತ ಹೆಚ್ಚು. ಹಾಲು ಬಿಡಿಸಿದ ಮೇಲೆ ದಾಣಿ ತಿನ್ನಿಸಿದವುಗಳಲ್ಲಿ ಗೋದಲಿ ಕಚ್ಚುವ ಸಾಧ್ಯತೆ ನಾಲ್ಕು ಪಟ್ಟು. ಒಮ್ಮೆ ಅಂಟಿದ ಈ ಚಟವನ್ನು ಬಿಡಿಸುವುದು ಬಹಳ ಕಷ್ಟ. ಮುಂದೆ ಕುದುರೆ ಮಾರುವಾಗ ಬೆಲೆ ಬೀಳುತ್ತದೆ, ಹಲ್ಲು ಸವೆಯುತ್ತದೆ, ಹೊಟ್ಟೆಶೂಲೆಯ ಭಯ ಬೇರೆ. ನಾಲ್ಕು ದಿನದ ಸುಲಭಕ್ಕೆ ಬಿದ್ದ ಈ ದಂಡವನ್ನು ಮುಂದಿನ ಮಾಲೀಕರು ಕುದುರೆ ಬದುಕಿರುವವರೆಗೂ ಕಟ್ಟುತ್ತಾರೆ.

ಬೇರೆ ದಾರಿ ಏನು? ಹಲವು ಮರಿಗಳಿರುವ ಫಾರ್ಮ್‌ಗಳು ಮರಿಗಳನ್ನು ಅವು ಬೆಳೆದ ಪ್ಯಾಡಕ್‌ನಲ್ಲೇ, ಅಂದರೆ ಬೇಲಿ ಹಾಕಿದ ಬಯಲಿನಲ್ಲೇ ಬಿಟ್ಟು ತಾಯಂದಿರನ್ನು ಒಂದೊಂದಾಗಿ ಹೊರತೆಗೆಯುತ್ತವೆ. ಎಲ್ಲಕ್ಕಿಂತ ದೊಡ್ಡ ಮರಿಯ ತಾಯಿ ಮೊದಲು. ಇಲ್ಲವೇ ಹಿಂಡಿನಲ್ಲಿ ದರ್ಪ ಮಾಡುವ, ಬೇರೆ ಮರಿಗಳನ್ನು ಕಚ್ಚುವ ತಾಯಿ ಮೊದಲು. ಕೆಲವು ದಿನ ಬಿಟ್ಟು ಇನ್ನೊಂದು. ತಾಯಿ ಹೋದ ಮರಿ ಒಂದಷ್ಟು ಹೊತ್ತು ಬೇಲಿಯುದ್ದಕ್ಕೂ ಓಡುತ್ತದೆ, ಕೂಗುತ್ತದೆ. ಸುತ್ತಲಿನ ಕುದುರೆಗಳೆಲ್ಲ ತಲೆ ತಗ್ಗಿಸಿ ಮೇಯುತ್ತಿರುವುದನ್ನು ಕಂಡು ತಾನೂ ಮೇಯಲು ನಿಲ್ಲುತ್ತದೆ. ಹಿಂಡು ಹೆದರಿಲ್ಲ ಅಂದಮೇಲೆ ಹೆದರುವಂಥದ್ದೇನೂ ಇಲ್ಲ, ಅದರ ತರ್ಕ ಅಷ್ಟೇ.

ಕೊನೆಗೆ ಮರಿಗಳು ಮಾತ್ರ ಉಳಿದಾಗ ಅವುಗಳ ನಡುವೆ ಒಂದೆರಡು ಶಾಂತ ಸ್ವಭಾವದ ಹಿರಿಯ ಕುದುರೆಗಳಿದ್ದರೆ ಇನ್ನೂ ಒಳ್ಳೆಯದು. ಮರಿಗೆ ಪರಿಚಯವಿರುವ, ಈ ವರ್ಷ ಮರಿ ಹಾಕದ ಹೆಣ್ಣುಕುದುರೆಯಾದರೂ ಸರಿ, ಬೀಜ ಒಡೆಸಿದ ಹಳೆಯ ಗಂಡಾದರೂ ಸರಿ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಿರಿಯ ಹೆಣ್ಣುಕುದುರೆಗಳ ಜೊತೆಗೆ ಹಾಲು ಬಿಟ್ಟ ಮರಿಗಳಲ್ಲಿ ಒತ್ತಡದ ಗುರುತುಗಳು ಕಡಿಮೆ ಕಂಡವು. ಸಣ್ಣ ಪ್ರಯೋಗವೇ, ಆದರೂ ಕುದುರೆ ನೋಡಿಕೊಳ್ಳುವ ಸೈಸ್‌ಗಳು ಕಣ್ಣಾರೆ ಕಂಡು ಹೇಳುವುದಕ್ಕೆ ಹೊಂದುತ್ತದೆ. ಹುಡುಗರಷ್ಟೇ ಇರುವ ಹಾಸ್ಟೆಲಿಗೆ ಒಬ್ಬ ವಾರ್ಡನ್ ಬೇಕಾದ ಹಾಗೆ, ಮರಿಗಳ ಹಿಂಡಿನಲ್ಲಿ ಕಚ್ಚಾಟ ಮಿತಿಮೀರದಂತೆ ನೋಡಿಕೊಳ್ಳಲೂ ಹಿರಿಯ ಕುದುರೆ ಬೇಕು.

ಎರಡು ಮರಿಗಳನ್ನು ಜೋಡಿ ಮಾಡಿ ಒಂದೇ ಕೋಣೆಯಲ್ಲಿ ಇಡುವುದು ಒಂಟಿಯಾಗಿ ಇಡುವುದಕ್ಕಿಂತ ವಾಸಿ. ಪೂರ್ಣ ಪರಿಹಾರವಂತೂ ಅಲ್ಲ. ಒಂದು ದರ್ಪದ್ದಾಗಿ ಇನ್ನೊಂದನ್ನು ಗೋದಲಿಯಿಂದ ಓಡಿಸಬಹುದು. ಮುಂದೆ ಆ ಜೋಡಿಯನ್ನು ಬೇರ್ಪಡಿಸುವಾಗ ಇದೇ ಕಥೆ ಎರಡನೆಯ ಸಲ.

ಇರುವುದೇ ಒಂದು ತಾಯಿ, ಒಂದು ಮರಿ ಎಂಬವರಿಗೆ ಬೇಲಿ ಸಹಾಯಕ್ಕೆ ಬರುತ್ತದೆ. ನಡುವೆ ಗಟ್ಟಿ ಬೇಲಿಯಿಟ್ಟು ತಾಯಿ ಆಚೆ, ಮರಿ ಈಚೆ. ನೋಡಬಹುದು, ಮೂಸಬಹುದು, ಕುಡಿಯಲು ಆಗದು. ಮರಿಯ ಕಡೆ ಒಂದು ಜೊತೆ ಕುದುರೆ ಇರಲೇಬೇಕು. ಬೇಲಿಯ ಕಂಡಿಗಳು ಮರಿಯ ಮೂತಿಯಾಗಲಿ ಗೊರಸಾಗಲಿ ತೂರದಷ್ಟು ಕಿರಿದಾಗಿರಬೇಕು. ಮುಳ್ಳುತಂತಿಯ ಬೇಲಿಯಿದ್ದರೆ ಈ ಕ್ರಮದ ಯೋಚನೆಯನ್ನೇ ಬಿಡಿ. ಮುಳ್ಳುತಂತಿಗೆ ಸಿಕ್ಕ ಕುದುರೆಯ ಕಾಲನ್ನು ಒಮ್ಮೆ ಕಂಡವರು ಮತ್ತೆ ಆ ತಂತಿಯನ್ನು ಎಳೆಯುವುದಿಲ್ಲ.

“ಕೂಗು ನಿಂತಿತು, ಇನ್ನು ಮರೆತ ಹಾಗೆಯೇ”

ಎರಡು-ಮೂರು ದಿನದಲ್ಲಿ ಕೂಗು ಇಳಿಯುತ್ತದೆ, ನಿಜ. ಅದು ಗಂಟಲಿನ ಲೆಕ್ಕ. ಗೋದಲಿಯಲ್ಲಿ ಮೇವು ಉಳಿಯುತ್ತಿದೆಯೇ, ಲದ್ದಿ ಸಡಿಲವಾಗಿದೆಯೇ, ಪಕ್ಕೆಲುಬು ಕಾಣುತ್ತಿದೆಯೇ, ಜೊತೆಯವು ಆಡುವಾಗ ಇದು ಮಂಕಾಗಿ ಮೂಲೆಯಲ್ಲಿ ನಿಂತಿದೆಯೇ ಎಂದು ಇನ್ನೂ ಕೆಲವು ವಾರ ನೋಡುತ್ತಿರಬೇಕು. ಹಾಲು ಬಿಟ್ಟ ಮರಿಗಳಲ್ಲಿ ಹೊಟ್ಟೆಹುಣ್ಣು ಸಾಮಾನ್ಯ, ಅದು ಹೊರಗೆ ಕಾಣಿಸುವುದಿಲ್ಲ. ಹಲ್ಲು ಕಡಿಯುವುದು, ತಿನ್ನಲು ಬಂದು ಅರ್ಧಕ್ಕೇ ಬಿಟ್ಟುಹೋಗುವುದು ಕಂಡರೆ ವೈದ್ಯರಿಗೆ ತೋರಿಸಿ.

“ತಾಯಿಯ ಕೆಚ್ಚಲು ಬಿಗಿದಿದೆ, ಹಿಂಡಿ ಹಗುರ ಮಾಡಬೇಕು”

ಹಸು ಕಟ್ಟಿದವರ ಕೈ ತಾನಾಗಿಯೇ ಕೆಚ್ಚಲಿಗೆ ಹೋಗುತ್ತದೆ. ತಡೆಯಿರಿ. ಕೆಚ್ಚಲಿನೊಳಗೆ ಒತ್ತಡ ತುಂಬಿದಾಗಲೇ ಹಾಲು ತಯಾರಿಸುವ ಕೆಲಸ ನಿಲ್ಲುವುದು. ಹಿಂಡಿದಷ್ಟೂ ಇನ್ನೂ ಬೇಕು ಎಂಬ ಸೂಚನೆ ಮೈಗೆ ಹೋಗಿ ಹಾಲು ಮತ್ತೆ ಇಳಿಯುತ್ತದೆ. ಬತ್ತುವುದು ಮುಂದಕ್ಕೆ ಹೋಗುತ್ತದೆ. ಬೇರ್ಪಡಿಸುವ ಒಂದು ವಾರದ ಮೊದಲಿನಿಂದಲೇ ತಾಯಿಯ ದಾಣಿ ಇಳಿಸಿ, ಒಣಹುಲ್ಲಿನ ಮೇಲೆ ಇಟ್ಟು, ಆಮೇಲೂ ಒಂದು ವಾರ ಹಾಗೆಯೇ ನಡೆಸಿದರೆ ಸಾಕು. ನೀರು ಯಥೇಚ್ಛವಾಗಿರಲಿ, ಹಾಲು ಬತ್ತಲೆಂದು ನೀರು ತಪ್ಪಿಸುವುದು ಹೊಟ್ಟೆಶೂಲೆಗೆ ಆಹ್ವಾನ. ಬಯಲಿನಲ್ಲಿ ಓಡಾಡಿಕೊಂಡಿದ್ದರೆ ಬಾವು ಬೇಗ ಇಳಿಯುತ್ತದೆ. ಕೆಚ್ಚಲು ಒಂದೇ ಕಡೆ ಬಿಸಿಯಾಗಿ ಕಲ್ಲಾದರೆ, ಮುಟ್ಟಗೊಡದಿದ್ದರೆ, ಜ್ವರ ಬಂದರೆ ಅದು ಕೆಚ್ಚಲುಬಾವು. ಆಗ ವೈದ್ಯರು ಬೇಕು.

“ಹಾಲು ತಪ್ಪಿತು, ಇನ್ನು ಹುರುಳಿ-ಬೂಸಾ ಹೆಚ್ಚು ಹಾಕಿ ಮೈ ತುಂಬಿಸಬೇಕು”

ಪ್ರೀತಿಯಿಂದ ಮಾಡುವ ತಪ್ಪು ಇದು. ಆರು ತಿಂಗಳ ಮರಿ ತನ್ನ ದೊಡ್ಡದಾದ ಮೇಲಿನ ಎತ್ತರದ ನೂರರಲ್ಲಿ 80ಕ್ಕೂ ಹೆಚ್ಚು ಪಾಲು ಮುಟ್ಟಿರುತ್ತದೆ, ತೂಕದಲ್ಲಿ ಮಾತ್ರ ಅರ್ಧವನ್ನೂ ದಾಟಿರುವುದಿಲ್ಲ. ಉದ್ದ ಕಾಲಿನ ಸಣಕಲು ಮರಿ ಕಂಡು ಸೊರಗಿದೆ ಅಂದುಕೊಳ್ಳುತ್ತೇವೆ. ಹಾಲು ಬಿಟ್ಟಾಗ ಬೆಳವಣಿಗೆ ಕೆಲವು ದಿನ ನಿಧಾನವಾಗುವುದೂ ನಿಜ. ಅದನ್ನು ತುಂಬಿಕೊಡಲು ಧಾನ್ಯ ಸುರಿದರೆ ಮರಿ ಧಡಕ್ಕನೆ ಬೆಳೆಯಲು ಹೊರಡುತ್ತದೆ. ಮೂಳೆಗೆ ಆ ವೇಗ ತಾಳುವುದಿಲ್ಲ. ಕೀಲುಗಳ ಹತ್ತಿರ ಊತ, ಕಾಲು ಸೊಟ್ಟಗಾಗುವುದು, ಕೀಲಿನೊಳಗಿನ ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಉಳಿಯುವುದು ಇಂಥ ಸಮಯದಲ್ಲೇ.

ಬೂಸಾದ ಸಂಗತಿ ಬೇರೆಯಾಗಿ ಹೇಳಬೇಕು. ಗೋಧಿ ಬೂಸಾದಲ್ಲಿ ರಂಜಕ ಸುಣ್ಣಕ್ಕಿಂತ ಒಂಬತ್ತು-ಹತ್ತು ಪಟ್ಟು ಹೆಚ್ಚು. ಬೆಳೆಯುವ ಮರಿಗೆ ಬೇಕಿರುವುದು ಇದರ ತಿರುವುಮುರುವು: ಸುಣ್ಣ ಒಂದೂವರೆ-ಎರಡು ಪಾಲು, ರಂಜಕ ಒಂದು ಪಾಲು. ಬೂಸಾವೇ ಮುಖ್ಯ ಮೇವಾದರೆ ಮೈ ಸುಣ್ಣಕ್ಕಾಗಿ ತನ್ನ ಮೂಳೆಯನ್ನೇ ಕರಗಿಸುತ್ತದೆ. ಹುರುಳಿಯಲ್ಲಿ ಪ್ರೋಟೀನು ಧಾರಾಳವಾಗಿದೆ, ಬೇಯಿಸಿ ಹಾಕುವ ಹಳೆಯ ಪದ್ಧತಿಗೂ ಅರ್ಥವಿದೆ. ಆದರೆ ಅದೊಂದೇ ಸಮತೋಲದ ಆಹಾರ ಆಗುವುದಿಲ್ಲ. ಒಳ್ಳೆಯ ಹುಲ್ಲು, ಸುಣ್ಣದಂಶ ಹೇರಳವಾಗಿರುವ ಕುದುರೆಮಸಾಲೆ ಸೊಪ್ಪು, 14ರಿಂದ 16 ಶೇಕಡಾ ಪ್ರೋಟೀನು ಮತ್ತು ತಾಮ್ರ-ಸತು ಸೇರಿದ ಮರಿದಾಣಿ ಅಳತೆಯಲ್ಲಿ, ದಿನಕ್ಕೆ ಎರಡು-ಮೂರು ಸಲ ಹಂಚಿ ಕೊಡುವುದು ಸರಿಯಾದ ಕ್ರಮ.

ಇನ್ನೂ ಮುಖ್ಯವಾದದ್ದು, ಈ ಮೇವು ಬೇರ್ಪಡಿಸಿದ ದಿನ ಹೊಸದಾಗಿ ಶುರುವಾಗಬಾರದು. ಕನಿಷ್ಠ ಒಂದು ತಿಂಗಳ ಮೊದಲೇ, ತಾಯಿಯ ತಲೆ ತೂರದ, ಮರಿ ಮಾತ್ರ ನುಸುಳಬಲ್ಲ ಅಡ್ಡಗಂಬಿಯ ಆವರಣದಲ್ಲಿ ಅದೇ ದಾಣಿಯನ್ನು ರೂಢಿ ಮಾಡಿಸಿರಬೇಕು.

“ಮರಿ ತಾಯಿಯ ಲದ್ದಿ ತಿನ್ನುತ್ತದೆ, ತಕ್ಷಣ ಬೇರ್ಪಡಿಸಿ”

ಮೊದಲ ಒಂದೆರಡು ತಿಂಗಳಲ್ಲಿ ಮರಿ ತಾಯಿಯ ಲದ್ದಿಗೆ ಬಾಯಿ ಹಾಕುವುದು ಮಾಮೂಲು. ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಕರುಳಿಗೆ ಸೇರುವ ದಾರಿಗಳಲ್ಲಿ ಅದೂ ಒಂದು. ಅಸಹ್ಯ ನಮಗೆ, ಅದಕ್ಕಲ್ಲ.

“ಹೇಗೂ ಹಿಡಿದಾಯಿತು, ಲಸಿಕೆ, ಜಂತುಹುಳದ ಔಷಧ, ಗೊರಸು, ಹಾಲ್ಟರ್ ಎಲ್ಲ ಒಂದೇ ವಾರ ಮುಗಿಸೋಣ”

ತಾಯಿಯಿಂದ ಅಗಲುವ ಒತ್ತಡವೇ ಮರಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಅದೇ ವಾರ ಸೂಜಿ, ಔಷಧ, ಹೊಸ ಹಗ್ಗ ಎಲ್ಲ ಹೇರುವುದು ಬೇಡ. ಇವನ್ನೆಲ್ಲ ತಾಯಿ ಪಕ್ಕದಲ್ಲಿ ಇರುವಾಗಲೇ ವಾರಗಳ ಮುಂಚೆ ಮುಗಿಸುವುದು ಜಾಣತನ. ಸಣ್ಣ ಕರುಳಿನ ದುಂಡುಹುಳುಗಳು ಮೊದಲ ವರ್ಷದ ಮರಿಗಳನ್ನೇ ಹೆಚ್ಚು ಕಾಡುವುದರಿಂದ ಅದರ ಔಷಧವನ್ನಂತೂ ಮರೆಯುವಂತಿಲ್ಲ. ಯಾವುದು, ಎಷ್ಟು ಎಂಬುದನ್ನು ವೈದ್ಯರು ತೂಕ ನೋಡಿ ಹೇಳಬೇಕು.

ಮನುಷ್ಯರ ಸಲಿಗೆಯೂ ಹಾಗೆಯೇ. ತಾಯಿಯಿಲ್ಲದ ಹೊತ್ತಿನಲ್ಲಿ ನಾವೇ ಅಪ್ಪಿ ಮುದ್ದಾಡಿದರೆ ಮರಿ ನಮ್ಮದಾಗುತ್ತದೆ ಎಂದು ಕೆಲವರು ನಂಬುತ್ತಾರೆ. ಫ್ರಾನ್ಸಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಮರಿ ಹುಟ್ಟಿದ ಮೊದಲ ಐದು ದಿನ, ದಿನಕ್ಕೆ 15 ನಿಮಿಷ ಅವರು ತಾಯಿಯ ಮೈಯನ್ನು ಮೆಲ್ಲಗೆ ಉಜ್ಜಿದರು, ಮರಿಯನ್ನು ಮುಟ್ಟಲೇ ಇಲ್ಲ. ಅದನ್ನು ನೋಡಿಕೊಂಡು ಬೆಳೆದ ಮರಿಗಳು ವರ್ಷ ತುಂಬಿದಾಗಲೂ ಜನರಿಗೆ ಅಷ್ಟಾಗಿ ಬೆದರುತ್ತಿರಲಿಲ್ಲ. ತಾಯಿ ನಂಬಿದವರನ್ನು ಮರಿಯೂ ನಂಬುತ್ತದೆ. ಆ ಸಾಕ್ಷಿಯನ್ನು ಹಾಲು ಬಿಡಿಸುವ ಮುಂಚೆಯೇ ಪಡೆದುಕೊಳ್ಳಬೇಕು.

“ಒಳ್ಳೆಯ ದಿನ ನೋಡಿ ಬಿಡಿಸಿದರೆ ಕೂಗುವುದಿಲ್ಲ”

ಇದು ನಮ್ಮ ಪಂಚಾಂಗದವರ ಮೂಢನಂಬಿಕೆ ಅಂದುಕೊಂಡು ನಗಬೇಡಿ. ಅಮೆರಿಕದ ಕುದುರೆಯವರಲ್ಲಿ ಇಂದಿಗೂ ಚಂದ್ರ ಯಾವ ರಾಶಿಯಲ್ಲಿದ್ದಾನೆಂದು ಅಲ್ಲಿನ ರೈತ ಪಂಚಾಂಗ ತೆಗೆದು ನೋಡಿ ಮರಿಗಳಿಗೆ ಹಾಲು ಬಿಡಿಸುವವರಿದ್ದಾರೆ. ಮಕರ, ಕುಂಭ, ಮೀನ ಒಳ್ಳೆಯವಂತೆ! ರಾಶಿಗೂ ಮರಿಯ ಸಂಕಟಕ್ಕೂ ಸಂಬಂಧ ತೋರಿಸಿದವರಿಲ್ಲ. ದಿನ ನೋಡುವುದಾದರೆ ಹವಾಮಾನ ನೋಡಿ: ಧೋ ಎಂದು ಮಳೆ ಸುರಿದು ಪ್ಯಾಡಕ್ ಕೆಸರಾದ ದಿನ, ಸೈಸ್‌ಗಳು ರಜೆಯಲ್ಲಿರುವ ಹಬ್ಬದ ದಿನ, ಪಟಾಕಿ ಹೊಡೆಯುವ ದೀಪಾವಳಿಯ ವಾರ ಖಂಡಿತ ಬೇಡ.

“ಹಾಲು ಬಿಡಿಸಿದ ದಿನವೇ ಮರಿಯನ್ನು ಗಾಡಿಗೆ ಹತ್ತಿಸಿದರೆ ಒಂದೇ ಸಲಕ್ಕೆ ಎಲ್ಲ ಮುಗಿಯುತ್ತದೆ”

ಮಾರುವವರಿಗೆ ಅನುಕೂಲವಾದ ಮಾತು. ತಾಯಿ ಹೋಯಿತು, ಜೊತೆ ಹೋಯಿತು, ಅದರ ಮೇಲೆ ಲಾರಿಯ ಕುಲುಕಾಟ, ಹೊಸ ನೀರು, ಹೊಸ ಮೇವು, ಹೊಸ ಊರಿನ ರೋಗಾಣು. ಇಂಥ ಪಯಣದ ಕೊನೆಗೆ ಕೆಮ್ಮು, ಜ್ವರ, ನ್ಯುಮೋನಿಯಾ ಬರುವುದರಲ್ಲಿ ಆಶ್ಚರ್ಯವಿಲ್ಲ. ಮರಿ ಕೊಳ್ಳಲು ಹೊರಟವರು ಬೆಲೆ ಕುದುರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಹಾಲು ಬಿಡಿಸಿ ಎಷ್ಟು ವಾರವಾಯಿತು, ಯಾರ ಜೊತೆಯಲ್ಲಿ ಬಿಡಿಸಿದರು, ಈಗ ಏನು ತಿನ್ನುತ್ತಿದೆ. ಇನ್ನೂ ತಾಯಿಯ ಬಳಿಯೇ ಇದೆ ಅಂದರೆ ಮುಂಗಡ ಕೊಟ್ಟು, ಅಲ್ಲೇ ಹಾಲು ಬಿಡಿಸಿ ಒಂದು ತಿಂಗಳು ಇಟ್ಟುಕೊಳ್ಳುವಂತೆ ಹೇಳಿ. ಆ ತಿಂಗಳ ಮೇವಿನ ಖರ್ಚನ್ನು ನೀವೇ ಕೊಡಿ. ನಿಮ್ಮ ಲಾಯದಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದು ಕುದುರೆ ಇಲ್ಲವೆಂದಾದರೆ ದಯವಿಟ್ಟು ಮರಿಯನ್ನು ಕೊಳ್ಳಬೇಡಿ.